ಬಿಲಾಲ್‌ರ ಕಥೆ ಹೇಳುವ ಮನೆಗಳಲ್ಲಿ ಬಣ್ಣದ ಲೆಕ್ಕವೇಕೆ?

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಚಲಾಯಿಸುತ್ತಿದ್ದ ಕಾರು ಢಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಸೇರಿದ ಜನ ರೊಚ್ಚಿಗೆದ್ದರು. ಸುಮಾರು ಅರ್ಧ ಗಂಟೆಯ ಬಳಿಕ ಅದೇ ದಾರಿಯಾಗಿ ಇನ್ನೊಂದು ಕಾರು ಬಂತು. ಅದರಲ್ಲಿದ್ದುದು ತಾಂಝಾನಿಯಾದ ಓರ್ವ ವಿದ್ಯಾರ್ಥಿನಿ ಮತ್ತು ಆಕೆಯ ಸ್ನೇಹಿತರು. ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಅಪಘಾತವೆಸಗಿದವನ ದೇಶ ಬೇರೆ, ಆಕೆಯ ದೇಶ ಬೇರೆ. ಆದರೆ ಗುಂಪಿಗೆ ಅದಾವುದೂ ಬೇಕಿರಲಿಲ್ಲ. ಆಕೆಯ ಮೇಲೆ ಹಲ್ಲೆ ನಡೆಯಿತು. ಕಾರಿಗೆ ಬೆಂಕಿ ಬಿತ್ತು. ಅಪರಾಧಿಯ ಮತ್ತು ಆಕೆಯ ನಡುವೆ ಗುಂಪು ಕಂಡ ಏಕೈಕ ನಂಟು ಚರ್ಮದ ಬಣ್ಣ. ಅಷ್ಟಾಗಿಯೂ, ಇದು ಜನಾಂಗೀಯ ದಾಳಿಯಲ್ಲ ಎಂದು ರಾಜ್ಯದ ಅಂದಿನ ಗೃಹ ಸಚಿವರು ಹೇಳಿದ್ದರು!

ಒಬ್ಬನ ತಪ್ಪಿಗೆ ಅವನ ಬಣ್ಣದವರೆಲ್ಲರನ್ನೂ ಹೊಣೆ ಮಾಡುವುದು ಜನಾಂಗೀಯವಾದವಲ್ಲದಿದ್ದರೆ ಇನ್ನಾವುದು ಜನಾಂಗೀಯವಾದ? ಈ ಪ್ರಶ್ನೆಯನ್ನು ಕೇಳುವ ಅರ್ಹತೆ ಮುಸ್ಲಿಮರಿಗಿಂತ ಹೆಚ್ಚು ಇನ್ನಾರಿಗಿದೆ? ಎಲ್ಲೋ ಒಂದು ಬಾಂಬು ಸಿಡಿದರೆ ಇಲ್ಲಿನ ಅಂಗಡಿಯಾತ ಉತ್ತರ ಹೇಳಬೇಕಾಗುತ್ತದೆ. ಯಾವುದೋ ದೇಶದಲ್ಲಿ ಯಾರೋ ಒಬ್ಬ ಮಾಡಿದ ಕೃತ್ಯಕ್ಕೆ ಇಲ್ಲಿನ ಶಾಲಾ ಬಾಲಕ ತರಗತಿಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಹೆಸರು ಕೇಳಿದ ತಕ್ಷಣ ಬಾಡಿಗೆಯ ಮನೆ ಇಲ್ಲವೆನ್ನುವ ಮಾಲಕರನ್ನು ನಮ್ಮ ನಗರಗಳ ಎಷ್ಟೋ ಕುಟುಂಬಗಳು ಕಂಡಿವೆ. ಒಬ್ಬನನ್ನು ಒಬ್ಬನಾಗಿ ನೋಡದೆ, ಒಂದು ಗುಂಪಿನ ತುಣುಕಾಗಿ ಮಾತ್ರ ನೋಡುವ ಕಣ್ಣು ಎಷ್ಟು ಕ್ರೂರವಾದುದು ಎಂಬುದನ್ನು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಆದರೆ ನಮ್ಮ ಮಕ್ಕಳಿಗೆ? ತಮ್ಮ ಮೇಲೆ ಆ ಕಣ್ಣು ಬಿದ್ದಾಗ ಅವರು ನೋಯುತ್ತಾರೆ, ನಿಜ. ಆದರೆ ಅದೇ ಕಣ್ಣು ಇನ್ನೊಬ್ಬರ ಮೇಲೆ ಬಿದ್ದಾಗ ಅವರಿಗೆ ಅದರ ಗುರುತು ಸಿಗುತ್ತದೆಯೇ? ಅದಕ್ಕಿಂತಲೂ ಮುಖ್ಯವಾಗಿ, ಆ ಕಣ್ಣು ತಮ್ಮದೇ ಆಗಿರುವಾಗ?

2020ರ ಮಾರ್ಚ್ ಮತ್ತು ಎಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಿ. ದಿಲ್ಲಿಯ ತಬ್ಲೀಗ್ ಸಮಾವೇಶವನ್ನು ನೆಪವಾಗಿಸಿಕೊಂಡು ಕೊರೋನಾವನ್ನು ಇಡೀ ಮುಸ್ಲಿಮ್ ಸಮುದಾಯದ ತಲೆಗೆ ಕಟ್ಟಲಾಯಿತು. ಟಿ.ವಿ. ಚಾನೆಲ್‌ಗಳು ಅದಕ್ಕೊಂದು ಜಿಹಾದ್‌ನ ಹೆಸರನ್ನೂ ಕೊಟ್ಟವು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗ್‌ನ ವಿದೇಶಿ ಸದಸ್ಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಗಿದೆ ಎಂದು ಹೇಳಿತು. ಇದೆಲ್ಲ ನಮಗೆ ಬಾಯಿಪಾಠ. ಆದರೆ ಅದೇ ತಿಂಗಳುಗಳಲ್ಲಿ ಇನ್ನೊಂದು ವಿಭಾಗವೂ ಅದೇ ರೋಗದ ಹೆಸರಿನಲ್ಲಿ ಅವಮಾನಕ್ಕೀಡಾಗುತ್ತಿತ್ತು. ಮಣಿಪುರ, ನಾಗಾಲ್ಯಾಂಡ್, ಮಿಝೋರಾಮ್‌ಗಳಿಂದ ಬಂದು ನಮ್ಮ ನಗರಗಳಲ್ಲಿ ಓದುತ್ತಿದ್ದ, ದುಡಿಯುತ್ತಿದ್ದ ಯುವಕ ಯುವತಿಯರನ್ನು ಅವರ ಮುಖಚಹರೆಯ ಕಾರಣಕ್ಕಾಗಿ ಬೀದಿಯಲ್ಲಿ ‘ಕೊರೋನಾ’ ಎಂದು ಕರೆಯಲಾಯಿತು. ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದರೆ, ಅವರಿಗೆ ಕಿರುಕುಳ ಕೊಡುವವರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಸೂಚಿಸಬೇಕಾಯಿತು. ರೋಗ ಒಂದೇ, ಸುಳ್ಳು ಒಂದೇ, ಗುರಿ ಮಾತ್ರ ಎರಡು. ಮೊದಲ ಗುರಿಯ ಬಗ್ಗೆ ನಮ್ಮ ಮನೆಗಳಲ್ಲಿ ಎಷ್ಟು ಚರ್ಚೆ ನಡೆಯಿತು, ಎರಡನೆಯ ಗುರಿಯ ಬಗ್ಗೆ ಎಷ್ಟು ನಡೆಯಿತು? ಈ ಎರಡರ ನಡುವಿನ ಅಂತರವೇ ನಾವು ಮಕ್ಕಳಿಗೆ ಕೊಡುತ್ತಿರುವ ಶಿಕ್ಷಣದ ಅಳತೆಗೋಲು.

ಮಕ್ಕಳಿಗೆ ಜನಾಂಗೀಯವಾದದ ಬಗ್ಗೆ ಕಲಿಸಬೇಕು ಎಂದಾಗ ಸಾಮಾನ್ಯವಾಗಿ ಮೂರು ಆಕ್ಷೇಪಗಳು ಎದುರಾಗುತ್ತವೆ. ಒಂದು, ಮಕ್ಕಳು ಮುಗ್ಧರು, ಇಲ್ಲದ್ದನ್ನು ಅವರ ತಲೆಗೆ ತುಂಬಬಾರದು. ಎರಡು, ಅದು ಅಮೆರಿಕದ ಸಮಸ್ಯೆ, ನಮ್ಮದಲ್ಲ. ಮೂರು, ಇಸ್ಲಾಮಿನಲ್ಲಿ ಬಣ್ಣಭೇದವಿಲ್ಲ, ಆದ್ದರಿಂದ ಮುಸ್ಲಿಮರಿಗೆ ಆ ಪಾಠದ ಅಗತ್ಯವಿಲ್ಲ. ಕೇಳಲು ಹಿತವಾಗಿರುವ ಈ ಮೂರೂ ಆಕ್ಷೇಪಗಳು ಪರಿಶೀಲನೆಯ ಮುಂದೆ ನಿಲ್ಲುವುದಿಲ್ಲ.

ಮೊದಲನೆಯದನ್ನೇ ನೋಡೋಣ. ಮಕ್ಕಳು ಮುಗ್ಧರೇನೋ ಹೌದು, ಆದರೆ ಕುರುಡರಲ್ಲ. ಹಸುಗೂಸುಗಳ ನೋಟವನ್ನು ಅಧ್ಯಯನ ಮಾಡಿದ ಸಂಶೋಧಕರು ಕುತೂಹಲಕಾರಿ ಸಂಗತಿಗಳನ್ನು ಕಂಡುಕೊಂಡಿದ್ದಾರೆ. ಆಗ ತಾನೇ ಹುಟ್ಟಿದ ಮಗು ಯಾವ ಜನಾಂಗದ ಮುಖಕ್ಕೂ ವಿಶೇಷ ಒಲವು ತೋರಿಸುವುದಿಲ್ಲ. ಆದರೆ ಮೂರು ತಿಂಗಳಾಗುವಷ್ಟರಲ್ಲಿ ಅದು ತನ್ನ ಸುತ್ತಲಿನವರನ್ನು ಹೋಲುವ ಮುಖಗಳನ್ನು ಹೆಚ್ಚು ಹೊತ್ತು ದಿಟ್ಟಿಸುತ್ತದೆ. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಇದಕ್ಕೆ ಮಹತ್ವದ ಮಾತೊಂದನ್ನು ಸೇರಿಸಿತು. ಇಥಿಯೋಪಿಯಾ ಮೂಲದ ಹೆತ್ತವರಿಗೆ ಹುಟ್ಟಿ, ಕಪ್ಪು ಮತ್ತು ಬಿಳಿ ಎರಡೂ ಬಣ್ಣದವರ ನಡುವೆ ಇಸ್ರೇಲಿನಲ್ಲಿ ಬೆಳೆಯುತ್ತಿದ್ದ ಶಿಶುಗಳಲ್ಲಿ ಈ ಒಲವು ಕಾಣಿಸಲಿಲ್ಲ. ಹೆಚ್ಚು ಹೊತ್ತು ನೋಡುವುದು ದ್ವೇಷವಲ್ಲ, ಒಪ್ಪೋಣ. ಆದರೆ ಭೇದವನ್ನು ಗುರುತಿಸುವ ಶಕ್ತಿ ಮಾತು ಬರುವ ಮೊದಲೇ ಮಗುವಿಗೆ ಬಂದಿರುತ್ತದೆ ಎಂಬುದಂತೂ ಸ್ಪಷ್ಟ. ಗುರುತಿಸಿದ ಭೇದಕ್ಕೆ ಬೆಲೆ ಕಟ್ಟುವುದನ್ನು ಕಲಿಸುವವರು ಯಾರು? ಮಗುವೇ? ಅಲ್ಲ, ನಾವು.

ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ 1940ರ ದಶಕದಲ್ಲಿ ನಡೆಸಿದ ಗೊಂಬೆಗಳ ಪ್ರಯೋಗ ಜಗತ್ಪ್ರಸಿದ್ಧವಾದುದು. ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ತೆರನಾದ ಗೊಂಬೆಗಳನ್ನು ಅವರು 3ರಿಂದ 7 ವರ್ಷದ ಕರಿಯ ಮಕ್ಕಳ ಮುಂದಿಟ್ಟು, ಯಾವುದು ಚೆಂದದ ಗೊಂಬೆ, ಯಾವುದು ಕೆಟ್ಟ ಗೊಂಬೆ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯನ್ನು ಒಳ್ಳೆಯದೆಂದರು, ತಮ್ಮದೇ ಬಣ್ಣದ ಗೊಂಬೆಯನ್ನು ಕೆಟ್ಟದೆಂದರು. ಬಳಿಕ, ನಿನ್ನಂತಿರುವ ಗೊಂಬೆ ಯಾವುದು ಎಂದು ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ಶಾಲೆಗಳಲ್ಲಿ ಬಣ್ಣದ ಆಧಾರದ ವಿಂಗಡಣೆಯನ್ನು ಸಂವಿಧಾನಬಾಹಿರವೆಂದು 1954ರಲ್ಲಿ ಘೋಷಿಸಿದ ಅಮೆರಿಕದ ಸುಪ್ರೀಮ್ ಕೋರ್ಟಿನ ಮುಂದೆ ಈ ಅಧ್ಯಯನವೂ ಇತ್ತು. ಆ ಮಕ್ಕಳಿಗೆ ಯಾರೂ ಎದುರು ಕುಳ್ಳಿರಿಸಿ ‘ನೀನು ಕೀಳು’ ಎಂದು ಪಾಠ ಮಾಡಿರಲಾರರು. ಅವರು ಅದನ್ನು ಗಾಳಿಯಿಂದ ಉಸಿರಾಡಿದ್ದರು. ಹಾಗಿರುವಾಗ, ಹೆತ್ತವರು ಮೌನವಾಗಿದ್ದರೆ ಮಗುವಿನ ಮುಗ್ಧತೆ ಉಳಿಯುತ್ತದೆ ಎಂದು ನಂಬುವುದು ಹೇಗೆ? ನಾವು ಬಾಯಿ ಮುಚ್ಚಿಕೊಂಡಿರುವ ಕಡೆಯಲ್ಲಿ ಜಾಹೀರಾತು ಮಾತಾಡುತ್ತದೆ, ಸಿನಿಮಾ ಮಾತಾಡುತ್ತದೆ, ಆಟದ ಮೈದಾನ ಮಾತಾಡುತ್ತದೆ.

ಆ ಗೊಂಬೆಗಳನ್ನು ಇಂದು ನಮ್ಮದೇ ಮನೆಯ ಹೆಣ್ಣು ಮಗುವಿನ ಮುಂದಿಟ್ಟರೆ ಅದು ಯಾವುದನ್ನು ಎತ್ತಿಕೊಂಡೀತು? ಉತ್ತರ ಹೇಳಲು ಸಂಶೋಧಕರು ಬೇಕಿಲ್ಲ. ಮಗು ಹುಟ್ಟಿದ ಸುದ್ದಿ ತಿಳಿದಾಗ ನೆಂಟರು ಕೇಳುವ ಎರಡನೆಯ ಪ್ರಶ್ನೆ ಯಾವುದು? ಬೆಳ್ಳಗಿದೆಯೋ, ಕಪ್ಪಗಿದೆಯೋ? ಅಕ್ಕ ತಂಗಿಯರಲ್ಲಿ ಒಬ್ಬಳು ‘ಬಿಳಿ’, ಇನ್ನೊಬ್ಬಳು ‘ಕರಿ’ ಎಂಬುದು ಮನೆಯ ಅಡ್ಡ ಹೆಸರಾಗಿ ನಿಂತುಬಿಡುತ್ತದೆ. ಬಿಸಿಲಿಗೆ ಹೋಗಬೇಡ, ಕಪ್ಪಾದರೆ ಯಾರು ಮದುವೆಯಾಗುತ್ತಾರೆ ಎಂಬ ಮಾತನ್ನು ಆಕೆ ಶಾಲೆಗೆ ಸೇರುವ ಮೊದಲೇ ಕೇಳಿರುತ್ತಾಳೆ. ದಲ್ಲಾಳಿಯ ಪುಸ್ತಕದಲ್ಲಿ ಹುಡುಗಿಯ ಓದಿಗಿಂತ ಮೊದಲು ಆಕೆಯ ಬಣ್ಣ ದಾಖಲಾಗುತ್ತದೆ. ಬಣ್ಣ ಕಡಿಮೆಯಿದ್ದರೆ ವರದಕ್ಷಿಣೆಯ ಮೊತ್ತ ಏರುತ್ತದೆ. ಅಂದರೆ, ಅಲ್ಲಾಹನು ಕೊಟ್ಟ ಬಣ್ಣಕ್ಕೆ ಆಕೆಯ ತಂದೆ ದಂಡ ಕಟ್ಟಬೇಕು! 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಆ್ಯಂಡ್ ಲವ್ಲಿ’ಯು ಜಾಗತಿಕ ಟೀಕೆಗೆ ಮಣಿದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ಒಂದು ವ್ಯಾಪಾರಿ ಕಂಪೆನಿಗೇ ಕೊನೆಗೂ ನಾಚಿಕೆಯಾಯಿತು. ವಧು ನೋಡಲು ಹೋಗುವ ನಮ್ಮ ತಾಯಂದಿರಿಗೆ, ಆ ತಾಯಂದಿರ ಹಿಂದೆ ಮೌನವಾಗಿ ನಿಲ್ಲುವ ಸುಶಿಕ್ಷಿತ ತರುಣರಿಗೆ ಆ ನಾಚಿಕೆ ಯಾವಾಗ ಬರುತ್ತದೆ?

ಎರಡನೆಯ ಆಕ್ಷೇಪ, ಜನಾಂಗೀಯವಾದ ಅಮೆರಿಕದ್ದು ಎಂಬುದು. 2020ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಉಸಿರುಗಟ್ಟಿ ಸತ್ತಾಗ ನಮ್ಮ ಯುವಕರೂ ಮರುಗಿದರು, ಮೊಬೈಲ್‌ಗಳಲ್ಲಿ ಪ್ರತಿಭಟಿಸಿದರು. ಒಳ್ಳೆಯದೇ. ಆದರೆ ಹದಿಮೂರು ಸಾವಿರ ಕಿಲೋಮೀಟರ್ ಆಚೆಗಿನ ಕಪ್ಪು ಮನುಷ್ಯನಿಗಾಗಿ ಮರುಗುವುದು ಸುಲಭ, ಅವನು ನಮ್ಮ ಮನೆಯ ಬಾಡಿಗೆಗೆ ಬರುವುದಿಲ್ಲ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ಸಿದ್ದಿಗಳಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ, ಗೋವಾದ ಪೋರ್ಚುಗೀಸ್ ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಅದು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಅವರು ಆಡುವುದು ನಮ್ಮದೇ ಕನ್ನಡ, ಕೊಂಕಣಿ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಆ ಸಮುದಾಯದ ಒಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತನ್ನು ಪ್ರವೇಶಿಸಲು 2020ರ ತನಕ ಕಾಯಬೇಕಾಯಿತು. ಇಂದಿಗೂ ಸಿದ್ದಿ ಹುಡುಗನೊಬ್ಬ ನಗರದ ಬಸ್ಸು ಹತ್ತಿದರೆ ‘ಯಾವ ದೇಶ?’ ಎಂಬ ಪ್ರಶ್ನೆ ಎದುರಾಗುತ್ತದೆ. ಈ ಪ್ರಶ್ನೆಯ ಧ್ವನಿ ನಮಗೆ ಪರಿಚಿತವಲ್ಲವೇ? ಹುಟ್ಟಿದ ಮಣ್ಣಿನಲ್ಲೇ ನಿಂತವರಿಗೆ ‘ಪಾಕಿಸ್ತಾನಕ್ಕೆ ಹೋಗಿ’ ಎನ್ನುವ ಬಾಯಿಗೂ ಈ ಬಾಯಿಗೂ ಎಷ್ಟು ದೂರ?

ಜನಾಂಗೀಯವಾದವೆಂದರೆ ಬರೀ ಕಪ್ಪು ಬಿಳುಪಿನ ಮಾತೂ ಅಲ್ಲ. 1965ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 1968ರಲ್ಲಿ ಭಾರತವೂ ಅನುಮೋದಿಸಿದ ಜನಾಂಗೀಯ ತಾರತಮ್ಯ ವಿರೋಧಿ ಒಡಂಬಡಿಕೆಯು ಬಣ್ಣದ ಜೊತೆಗೆ ವಂಶ, ರಾಷ್ಟ್ರೀಯ ಮೂಲ ಮತ್ತು ಜನಾಂಗೀಯ ಮೂಲಗಳ ಆಧಾರದ ತಾರತಮ್ಯವನ್ನೂ ಜನಾಂಗೀಯ ತಾರತಮ್ಯವೆಂದೇ ಪರಿಗಣಿಸುತ್ತದೆ. ವಂಶ ಎಂಬ ಆ ಒಂದು ಪದದ ಮುಂದೆ ನಮ್ಮಲ್ಲಿನ ಎಷ್ಟು ಮನೆಗಳು ತಲೆಯೆತ್ತಿ ನಿಲ್ಲಬಲ್ಲವು? ಪಿಂಜಾರರ, ಕಸಾಯಿಗಳ, ದರ್ವೇಶಿಗಳ ಮನೆಯಿಂದ ಸಂಬಂಧ ಬಂದರೆ ಹುಡುಗನ ಓದು, ನಡತೆ, ಧರ್ಮನಿಷ್ಠೆಗಳನ್ನೆಲ್ಲ ಬದಿಗೆ ಸರಿಸಿ ‘ನಮಗೂ ಅವರಿಗೂ ಆಗಿಬರುವುದಿಲ್ಲ’ ಎನ್ನುವವರು ಮಸೀದಿಯಲ್ಲಿ ಅದೇ ಹುಡುಗನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ನಮಾಝಿನ ಸಾಲಿನಲ್ಲಿ ಇಲ್ಲದ ಮೇಲು ಕೀಳು ಊಟದ ಮನೆಯ ಹೊಸ್ತಿಲಲ್ಲಿ ಹೇಗೆ ಹುಟ್ಟಿಕೊಂಡಿತು ಎಂದು ಮಕ್ಕಳು ಕೇಳಿದರೆ ನಮ್ಮ ಉತ್ತರವೇನು?

ಗಲ್ಫ್‌ನಲ್ಲಿ ದುಡಿದವರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಒಂದೇ ಕೆಲಸಕ್ಕೆ ಪಾಸ್‌ಪೋರ್ಟಿನ ಬಣ್ಣ ನೋಡಿ ಬೇರೆ ಬೇರೆ ಸಂಬಳ ಕೊಡುವುದನ್ನು ಅವರು ಕಂಡಿದ್ದಾರೆ. ‘ಹಿಂದಿ’ ಎಂಬ ಪದವನ್ನು ತಿರಸ್ಕಾರದ ಧ್ವನಿಯಲ್ಲಿ ಕೇಳಿಸಿಕೊಂಡಿದ್ದಾರೆ. ಆ ನೋವು ನಿಜ. ಆದರೆ ಅದೇ ನೋವುಂಡವರು ಊರಿಗೆ ಬಂದು ಆಫ್ರಿಕಾದ ಸಹೋದ್ಯೋಗಿಯ ಬಗ್ಗೆ, ಬಂಗಾಲಿ ಕೂಲಿಯ ಬಗ್ಗೆ ಹೇಳುವ ಹಾಸ್ಯಕ್ಕೆ ಮನೆಮಂದಿಯೆಲ್ಲ ನಗುವಾಗ, ಆ ನಗುವಿನ ನಡುವೆ ಕುಳಿತ ಮಗು ಏನು ಕಲಿಯುತ್ತದೆ? ಮೇಲಿನವನು ನಮ್ಮನ್ನು ತುಳಿದರೆ ಅನ್ಯಾಯ, ನಾವು ಕೆಳಗಿನವನನ್ನು ತುಳಿದರೆ ತಮಾಷೆ ಎಂದಲ್ಲವೇ?

ಮೂರನೆಯ ಆಕ್ಷೇಪ ಅತ್ಯಂತ ಗೌರವಾನ್ವಿತವಾಗಿ ಕಾಣುವಂಥದ್ದು. ಆದ್ದರಿಂದಲೇ ಅತ್ಯಂತ ಅಪಾಯಕಾರಿ. ಇಸ್ಲಾಮಿನಲ್ಲಿ ಬಣ್ಣಭೇದವಿಲ್ಲ ಎಂಬುದು ಸತ್ಯ. ಭಾಷೆ ಮತ್ತು ವರ್ಣಗಳ ವೈವಿಧ್ಯವನ್ನು ಪವಿತ್ರ ಕುರ್‌ಆನ್ ದೇವನ ದೃಷ್ಟಾಂತಗಳ ಸಾಲಿಗೆ ಸೇರಿಸುತ್ತದೆ. ಅಲ್-ಹುಜುರಾತ್ ಅಧ್ಯಾಯವು ಪರಸ್ಪರ ಅಪಹಾಸ್ಯವನ್ನೂ ಅಡ್ಡ ಹೆಸರಿನಿಂದ ಕರೆಯುವುದನ್ನೂ ನಿಷೇಧಿಸಿ, ದೇವಭಕ್ತಿಯೊಂದೇ ಶ್ರೇಷ್ಠತೆಯ ಮಾನದಂಡವೆಂದು ಸಾರುತ್ತದೆ. ಅರಬನಿಗೆ ಅರಬೇತರನ ಮೇಲಾಗಲಿ, ಬಿಳಿಯನಿಗೆ ಕರಿಯನ ಮೇಲಾಗಲಿ ಹೆಚ್ಚುಗಾರಿಕೆಯಿಲ್ಲ ಎಂದು ಪ್ರವಾದಿ(ಸ)ರು ವಿದಾಯದ ಹಜ್ಜ್‌ನಲ್ಲಿ ಘೋಷಿಸಿದರು. ಆದರೆ ಇಸ್ಲಾಮಿನಲ್ಲಿ ಇಲ್ಲದ್ದು ಮುಸ್ಲಿಮರಲ್ಲಿಯೂ ಇಲ್ಲ ಎಂದು ಹೇಳಿದವರು ಯಾರು? ಇಸ್ಲಾಮಿನಲ್ಲಿ ವರದಕ್ಷಿಣೆ ಇಲ್ಲ. ಮುಸ್ಲಿಮರಲ್ಲಿ ಇಲ್ಲವೇ? ಇಸ್ಲಾಮಿನಲ್ಲಿ ಬಡ್ಡಿ ಇಲ್ಲ. ಮುಸ್ಲಿಮರಲ್ಲಿ ಇಲ್ಲವೇ?

ಚರಿತ್ರೆಯನ್ನು ಪ್ರಾಮಾಣಿಕವಾಗಿ ಓದಿದರೆ ಸತ್ಯ ಕಹಿಯಾಗಿಯೇ ಇದೆ. ಸೌದಿ ಅರೇಬಿಯಾದಲ್ಲಿ ಗುಲಾಮಗಿರಿ ಕಾನೂನಾತ್ಮಕವಾಗಿ ರದ್ದಾದದ್ದು 1962ರಲ್ಲಿ. ಮಾರಿಟೇನಿಯಾದಲ್ಲಿ 1981ರಲ್ಲಿ. 2023ರ ಫೆಬ್ರವರಿಯಲ್ಲಿ ಟ್ಯುನೀಷಿಯಾದ ಅಧ್ಯಕ್ಷ ಕೈಸ್ ಸಈದ್ ಆಫ್ರಿಕಾದ ಕರಿಯ ವಲಸಿಗರ ವಿರುದ್ಧ ಆಡಿದ ಮಾತಿನ ಬೆನ್ನಿಗೇ ಆ ದೇಶದಲ್ಲಿ ಕರಿಯರ ಮೇಲೆ ದಾಳಿಗಳಾದವು, ಅನೇಕರು ಬಾಡಿಗೆ ಮನೆಗಳಿಂದ ಹೊರದಬ್ಬಲ್ಪಟ್ಟರು. ದಾಳಿ ಮಾಡಿದವರೂ ಅದಾನ್ ಕೇಳಿ ಬೆಳೆದವರೇ. ನಮ್ಮದೇ ದಖ್ಖನಿನಲ್ಲಿ, ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಲ್ಪಟ್ಟ ಮಲಿಕ್ ಅಂಬರ್ ಅಹ್ಮದ್‌ನಗರದ ಪ್ರಧಾನಿಯಾಗಿ ಬೆಳೆದು 1626ರಲ್ಲಿ ತೀರಿಕೊಳ್ಳುವವರೆಗೂ ಮೊಘಲ್ ಸೇನೆಯನ್ನು ಕಾಡಿದ. ಅವನನ್ನು ರಣರಂಗದಲ್ಲಿ ಮಣಿಸಲಾರದ ಬಾದಶಹಾ ಜಹಾಂಗೀರ್ ತನ್ನ ಆತ್ಮಚರಿತ್ರೆಯಲ್ಲಿ ಅವನ ಮುಖದ ಕಪ್ಪು ಬಣ್ಣವನ್ನೇ ಬೈಗುಳವಾಗಿಸಿದ. ಅಂಬರನ ಕಡಿದ ತಲೆಗೆ ತಾನು ಬಾಣ ಹೂಡುತ್ತಿರುವಂತೆ ಚಿತ್ರ ಬರೆಸಿಕೊಂಡ. ಇಬ್ಬರೂ ಮುಸ್ಲಿಮರು. ಸಾಕ್ಷ್ಯವಚನ ಹೇಳಿದ ಮಾತ್ರಕ್ಕೆ ಬಣ್ಣದ ಅಹಂಕಾರ ಎದೆಯಿಂದ ಕಿತ್ತುಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಬೇಕಿದ್ದರೆ ಹ. ಅಬೂದರ್ರ್(ರ)ರ ಘಟನೆಯೇ ಇದೆ. ಇಸ್ಲಾಮನ್ನು ಮೊಟ್ಟಮೊದಲು ಸ್ವೀಕರಿಸಿದ ಕೆಲವೇ ಮಂದಿಯಲ್ಲಿ ಒಬ್ಬರು ಅವರು. ಒಮ್ಮೆ ಜಗಳದ ಭರದಲ್ಲಿ ಎದುರಾಳಿಯನ್ನು ಅವರ ತಾಯಿಯ ಮೂಲವನ್ನೆತ್ತಿ ಹಳಿದರು. ಅದು ಬಿಲಾಲ್(ರ)ರೇ ಆಗಿದ್ದರು ಎನ್ನುವ ವರದಿಗಳೂ ಇವೆ. ಪ್ರವಾದಿ(ಸ)ರು ಅದನ್ನು ಸಣ್ಣ ಮಾತೆಂದು ತಳ್ಳಿಹಾಕಲಿಲ್ಲ. ಅಬೂದರ್ರ್‌ರ ಒಳಗೆ ಅಜ್ಞಾನಕಾಲದ ಗುಣ ಇನ್ನೂ ಉಳಿದುಕೊಂಡಿದೆ ಎಂದು ನೇರವಾಗಿ ಹೇಳಿದರು. ವರ್ಷಗಳ ಬಳಿಕ ಅವರನ್ನು ಕಂಡವರು, ಅವರೂ ಅವರ ಸೇವಕನೂ ಒಂದೇ ಬಗೆಯ ಉಡುಪು ತೊಟ್ಟಿರುವುದನ್ನು ನೋಡಿ ಅಚ್ಚರಿಯಿಂದ ಕಾರಣ ಕೇಳಿದಾಗ ಅವರು ಈ ಘಟನೆಯನ್ನೇ ವಿವರಿಸಿದರು ಎಂದು ಹದೀಸ್ ಗ್ರಂಥಗಳು ಹೇಳುತ್ತವೆ. ಅಂದರೆ ಅವರ ಪಶ್ಚಾತ್ತಾಪ ಬಾಯಿಮಾತಿನಲ್ಲಿ ಮುಗಿಯಲಿಲ್ಲ, ಬದುಕಿನ ಅಭ್ಯಾಸವಾಯಿತು. ಅಬೂದರ್ರ್‌ರಂಥವರ ಒಳಗೂ ಆ ಬೀಜ ಉಳಿದುಕೊಂಡಿತ್ತು ಎಂದಾದರೆ, ನಮ್ಮ ಮಕ್ಕಳು ಹುಟ್ಟಿನಿಂದಲೇ ಅದರಿಂದ ಮುಕ್ತರು ಎಂದು ಭಾವಿಸುವುದು ಧೈರ್ಯವೋ, ಅಹಂಕಾರವೋ?

ನಮ್ಮ ಮನೆಗಳಲ್ಲಿ, ಮದ್ರಸಗಳಲ್ಲಿ ಬಿಲಾಲ್(ರ)ರ ಕಥೆಯನ್ನು ಹೇಳುವ ರೀತಿಯಲ್ಲೇ ಒಂದು ದೋಷವಿದೆ. ಉಮಯ್ಯ ಎಂಬ ದುಷ್ಟ ಒಡೆಯ, ಸುಡುವ ಮರಳು, ಎದೆಯ ಮೇಲಿನ ಬಂಡೆ, ಕೊನೆಗೆ ಬಿಡುಗಡೆ. ಕೇಳುವ ಮಗು ಸಹಜವಾಗಿಯೇ ಬಿಲಾಲ್‌ರ ಪಕ್ಷದಲ್ಲಿ ಕುಳಿತುಕೊಳ್ಳುತ್ತದೆ. ಬಳಿಕ ನಾವು, ‘ನೋಡಿದೆಯಾ, ನಮ್ಮ ಧರ್ಮ ಎಷ್ಟು ಶ್ರೇಷ್ಠ’ ಎಂದು ಕಥೆ ಮುಗಿಸುತ್ತೇವೆ. ಕಥೆ ಹೆಮ್ಮೆಯ ಪದಕವಾಯಿತು, ಕನ್ನಡಿಯಾಗಲಿಲ್ಲ. ಮಕ್ಕಾ ವಿಜಯದ ದಿನ ಬಿಲಾಲ್‌ರು ಕಅಬಾದ ಮೇಲೇರಿ ಅದಾನ್ ಕರೆದಾಗ, ಕೆಳಗೆ ನಿಂತ ಕೆಲವು ಕುರೈಶ್ ಪ್ರಮುಖರು ಅದನ್ನು ಸಹಿಸಲಾರದೆ ಗೊಣಗಿದ್ದನ್ನೂ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಆ ಭಾಗವನ್ನು ನಾವು ಹೇಳುತ್ತೇವೆಯೇ? ಹೇಳಿದ ಮೇಲೆ, ‘ನಿನ್ನ ತರಗತಿಯಲ್ಲಿ ಬಿಲಾಲ್ ಯಾರು? ಅವನನ್ನು ಕಂಡು ಗೊಣಗುವವರು ಯಾರು? ನೀನು ಎಲ್ಲಿ ನಿಂತಿದ್ದೀ?’ ಎಂದು ಕೇಳುತ್ತೇವೆಯೇ? ಈ ಮೂರು ಪ್ರಶ್ನೆಗಳಿಲ್ಲದೆ ಬಿಲಾಲ್‌ರ ಕಥೆ ಪೂರ್ತಿಯಾಗುವುದಿಲ್ಲ.

ಹಾಗಾದರೆ ಹೆತ್ತವರು ಮಾಡಬೇಕಾದುದೇನು?

ಮೊದಲನೆಯದಾಗಿ, ಭೇದವನ್ನು ಅಡಗಿಸಬಾರದು. ಬೀದಿಯಲ್ಲಿ ಆಫ್ರಿಕಾದವರನ್ನು ಕಂಡು ಮಗು ಬೆರಳು ತೋರಿಸಿ ಕೇಳಿದರೆ ಅದರ ಬಾಯಿ ಮುಚ್ಚಿಸುವುದೇ ನಮ್ಮ ರೂಢಿ. ಮುಚ್ಚಿಸಿದ ಬಾಯಿ ಕಲಿಯುವುದು ಒಂದನ್ನೇ: ಆ ಬಣ್ಣದಲ್ಲಿ ಹೇಳಬಾರದ್ದೇನೋ ಇದೆ ಎಂದು. ಅದರ ಬದಲು, ಚರ್ಮದಲ್ಲಿ ಮೆಲನಿನ್ ಎಂಬ ವಸ್ತುವಿದೆ, ಅದು ಬಿಸಿಲಿನ ಅಪಾಯಕಾರಿ ಕಿರಣಗಳಿಂದ ದೇಹವನ್ನು ಕಾಪಾಡುತ್ತದೆ, ಅದು ಹೆಚ್ಚಿದ್ದರೆ ಬಣ್ಣ ಗಾಢವಾಗುತ್ತದೆ, ಕಡಿಮೆಯಿದ್ದರೆ ತೆಳುವಾಗುತ್ತದೆ, ಅದಕ್ಕೂ ಬುದ್ಧಿಗೂ ಗುಣಕ್ಕೂ ಸಂಬಂಧವಿಲ್ಲ ಎಂದು ಐದು ವರ್ಷದ ಮಗುವಿಗೂ ಅರ್ಥವಾಗುವಂತೆ ಹೇಳಬಹುದು.

ಎರಡನೆಯದಾಗಿ, ಮನೆಯ ಭಾಷೆ ಶುದ್ಧವಾಗಬೇಕು. ಬಣ್ಣದ, ಊರಿನ, ಕುಲದ ಅಡ್ಡ ಹೆಸರುಗಳಿಗೆ ಹೊಸ್ತಿಲಲ್ಲೇ ತಡೆ ಬೀಳಬೇಕು. ಹೇಳಿದವರು ಹಿರಿಯರಾದರೂ ಸರಿ. ಅಜ್ಜಿಯೊಂದಿಗೆ ಗೌರವದಿಂದಲೇ, ಆದರೆ ಮಕ್ಕಳಿಗೆ ಕೇಳಿಸುವಂತೆ, ‘ಆ ಮಾತು ಬೇಡ’ ಎನ್ನಬೇಕು. ಹಿರಿಯರ ತಪ್ಪನ್ನು ವಿನಯದಿಂದ ತಿದ್ದಬಹುದು ಎಂಬುದನ್ನು ಮಗು ನೋಡಿ ಕಲಿಯದೆ ಹೋದರೆ, ನಾಳೆ ಶಾಲೆಯಲ್ಲಿ ಗೆಳೆಯರ ಗುಂಪನ್ನು ಎದುರಿಸುವ ಧೈರ್ಯ ಅದಕ್ಕೆ ಎಲ್ಲಿಂದ ಬರಬೇಕು?

ಮೂರನೆಯದಾಗಿ, ಪರಿಚಯ ಬೆಳೆಸಬೇಕು. ಕಾಣದವರ ಬಗ್ಗೆ ಭಯ ಹುಟ್ಟಿಸುವುದು ಸುಲಭ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹಬ್ಬಿದ ವದಂತಿಗೆ ಬೆದರಿ ಈಶಾನ್ಯದ ಸಾವಿರಾರು ಮಂದಿ ವಿಶೇಷ ರೈಲುಗಳಲ್ಲಿ ಊರಿಗೆ ಮರಳಿದರು. ಅಂದು ಆ ವದಂತಿ ಭಯದ ಮುಖವಾಗಿ ತೋರಿಸಿದ್ದು ಮುಸ್ಲಿಮರನ್ನು. ಮುಸ್ಲಿಮ್ ಸಂಘಟನೆಗಳು ಮುಂದೆ ಬಂದು ಅಭಯ ನೀಡಿದುವು. ಆದರೆ ಅಷ್ಟೊಂದು ಜನ ಒಂದು ಸುಳ್ಳನ್ನು ನಂಬಲು ಕಾರಣವೇನು? ಅವರಿಗೆ ನಮ್ಮ ಪರಿಚಯವಿರಲಿಲ್ಲ, ನಮಗೆ ಅವರ ಪರಿಚಯವಿರಲಿಲ್ಲ. ಒಂದೇ ಬೀದಿಯಲ್ಲಿ ವಾಸ, ಆದರೆ ಒಂದು ಲೋಟ ಚಹಾದ ಸಂಬಂಧವೂ ಇಲ್ಲ. ಈದ್‌ನ ದಿನ ನಮ್ಮ ಮನೆಯ ಬಾಗಿಲು ಯಾರಿಗೆಲ್ಲ ತೆರೆಯುತ್ತದೆ ಎಂಬುದನ್ನು ಮಕ್ಕಳು ಎಣಿಸುತ್ತಿರುತ್ತಾರೆ.

ನಾಲ್ಕನೆಯದಾಗಿ, ಕರಿಯರನ್ನು ದಯೆಗೆ ಪಾತ್ರರಾದವರೆಂದಷ್ಟೇ ಪರಿಚಯಿಸುವುದನ್ನು ನಿಲ್ಲಿಸಬೇಕು. ಮಲಿಕ್ ಅಂಬರ್ ಒಬ್ಬ ಆಡಳಿತಗಾರ, ಸೇನಾನಿ, ಮುಂದೆ ಔರಂಗಾಬಾದ್ ಎಂದು ಕರೆಯಲ್ಪಟ್ಟ ನಗರದ ಸ್ಥಾಪಕ. ನಮ್ಮ ಬಿಜಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹನ ಆಸ್ಥಾನದ ಪ್ರಬಲ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಒಬ್ಬ ಹಬಶಿ. ಗೋಲ್‌ಗುಂಬಝ್ ತೋರಿಸಲು ಮಕ್ಕಳನ್ನು ಕರೆದೊಯ್ಯುವ ಎಷ್ಟು ಹೆತ್ತವರು ಆ ಹೆಸರನ್ನು ಹೇಳುತ್ತಾರೆ?

ಕೊನೆಯದು, ಎಲ್ಲಕ್ಕಿಂತ ಕಠಿಣವಾದುದು. ಎದ್ದು ನಿಲ್ಲುವುದನ್ನು ಕಲಿಸುವುದು. ಜನಾಂಗೀಯವಾದ ತಪ್ಪು ಎಂದು ತಿಳಿಯುವುದು ಬೇರೆ, ಅದು ಕಣ್ಣೆದುರು ನಡೆಯುವಾಗ ಬಾಯಿ ತೆರೆಯುವುದು ಬೇರೆ. ಮಗುವಿಗೆ ಕೆಲವು ಸರಳ ದಾರಿಗಳನ್ನು ಅಭ್ಯಾಸ ಮಾಡಿಸಬೇಕು. ಹೀಯಾಳಿಕೆಗೆ ನಗಬೇಡ, ನಗದಿರುವುದೂ ಒಂದು ಪ್ರತಿಭಟನೆ. ಹೀಯಾಳಿಸಲ್ಪಟ್ಟವನ ಪಕ್ಕದಲ್ಲಿ ಹೋಗಿ ಕುಳಿತುಕೋ. ಅವನು ಕೇಳಿಕೊಳ್ಳಲಿ ಎಂದು ಕಾಯಬೇಡ. ನಿನ್ನಿಂದಾಗದಿದ್ದರೆ ಶಿಕ್ಷಕರಿಗೆ ಹೇಳು, ಅವರೂ ಕೇಳದಿದ್ದರೆ ಮನೆಗೆ ಬಂದು ಹೇಳು, ನಾವು ಶಾಲೆಗೆ ಬರುತ್ತೇವೆ. ಈ ಕೊನೆಯ ವಾಕ್ಯ ಮುಖ್ಯವಾದುದು. ನಮ್ಮ ಮಗುವಿಗೆ ಅವಮಾನವಾದಾಗ ಶಾಲೆಗೆ ಧಾವಿಸುವ ಹೆತ್ತವರು ಬಹಳ ಮಂದಿ ಇದ್ದಾರೆ. ಸಹಪಾಠಿ ಸಿದ್ದಿ ಹುಡುಗಿಗೆ, ಮಣಿಪುರದ ಹುಡುಗನಿಗೆ, ದಲಿತ ಮಗುವಿಗೆ ಅವಮಾನವಾದಾಗ ಶಾಲೆಯ ಮೆಟ್ಟಿಲು ಹತ್ತುವ ಮುಸ್ಲಿಮ್ ತಂದೆ ಎಷ್ಟು ಮಂದಿ?

ಇದನ್ನು ಕೇಳಿದಾಗ, ‘ನಮ್ಮದೇ ಸಂಕಟ ಬೆಟ್ಟದಷ್ಟಿರುವಾಗ ಊರವರ ಚಿಂತೆ ನಮಗೇಕೆ?’ ಎನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ. ನ್ಯಾಯವನ್ನು ತನಗಾಗಿ ಮಾತ್ರ ಕೇಳುವವನ ಮಾತಿಗೆ ಲೋಕದಲ್ಲಿ ಬೆಲೆಯಿಲ್ಲ. ಅವನು ಅನ್ಯಾಯವನ್ನು ವಿರೋಧಿಸುತ್ತಿಲ್ಲ, ಅನ್ಯಾಯದ ಪಾಲು ತನಗೆ ಬಂದುದಕ್ಕೆ ಗೋಳಾಡುತ್ತಿದ್ದಾನೆ ಎಂದೇ ಲೋಕ ತಿಳಿಯುತ್ತದೆ. ತನ್ನವರ ವಿರುದ್ಧವೇ ಆದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬುದು ಕುರ್‌ಆನ್ ವಿಶ್ವಾಸಿಗಳ ಮೇಲೆ ಹೊರಿಸಿದ ಹೊಣೆ. ಆ ಹೊಣೆ ಶುಕ್ರವಾರದ ಖುತ್ಬಾದಲ್ಲಿ ಕೇಳಿ ಮನೆಗೆ ಬರುವಾಗ ಮರೆಯುವಂಥದ್ದಲ್ಲ. ಅದನ್ನು ಊಟದ ತಟ್ಟೆಯ ಮುಂದೆ, ಹೆಣ್ಣು ನೋಡಲು ಹೊರಟ ದಾರಿಯಲ್ಲಿ, ಬಾಡಿಗೆಗೆ ಮನೆ ಕೇಳಿ ಬಂದವನ ಎದುರಿನಲ್ಲಿ ಪರೀಕ್ಷಿಸಲಾಗುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕರ ಹಾಗೆ ನಮ್ಮ ಮಕ್ಕಳು ನಿಂತಿರುತ್ತಾರೆ.

ಮುಂದೊಂದು ದಿನ ಯಾವುದೋ ಊರಿನಲ್ಲಿ ನಮ್ಮ ಮಗ ತನ್ನ ಹೆಸರಿನ ಕಾರಣಕ್ಕಾಗಿ, ನಮ್ಮ ಮಗಳು ತನ್ನ ತಲೆವಸ್ತ್ರದ ಕಾರಣಕ್ಕಾಗಿ ಗುಂಪಿನ ನಡುವೆ ಒಂಟಿಯಾಗಬಹುದು. ಆಗ ಯಾರೋ ಒಬ್ಬ ಅಪರಿಚಿತ ಮುಂದೆ ಬಂದು ಪಕ್ಕದಲ್ಲಿ ನಿಲ್ಲಲಿ ಎಂದು ನಾವು ಪ್ರಾರ್ಥಿಸುತ್ತೇವೆ. ಹಾಗೆ ನಿಲ್ಲುವ ಒಬ್ಬ ಮನುಷ್ಯನನ್ನು ನಮ್ಮ ಮನೆಯಿಂದಲೂ ಲೋಕಕ್ಕೆ ಕೊಡುವ ಹೊಣೆ ನಮ್ಮ ಮೇಲಿಲ್ಲವೇ?